ದಿನಾ ಪ್ರಾರ್ಥನೆ ಮಾಡಿದರೂ ಈ ಚಟ ಯಾಕೆ ಬಿಡುತ್ತಿಲ್ಲ?

ಪ್ರಶ್ನೆ: ಅಣ್ಣಾ, ನಮ್ಮೂರು ರಿಪ್ಪನ್‌ಪೇಟೆ ಹತ್ತಿರ. ಶಿವಮೊಗ್ಗದಲ್ಲಿ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಗಲ್ಲಾವೂ ನನ್ನ ಕೈಯಲ್ಲೇ. ಮೊದಲು ಮೊಬೈಲಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡುತ್ತಿದ್ದೆ. ಅದು ಬಂದ್ ಆದಮೇಲೆ ಗೆಳೆಯನೊಬ್ಬ ಕ್ರಿಕೆಟ್ ಬೆಟ್ಟಿಂಗ್ ಹಚ್ಚಿದ. ಸಾಲ ಆಗಿದೆ. ಹೋದ ತಿಂಗಳು ಗಲ್ಲಾದ ಹಣ ತೆಗೆದು ಆಡಿದೆ, ಯಾರಿಗೂ ಗೊತ್ತಾಗುವ ಮೊದಲು ವಾಪಸ್ ಇಟ್ಟೆ. ದಿನಾ ಜಪಸರ ಮಾಡುತ್ತೇನೆ, ಅಳುತ್ತೇನೆ. ಮ್ಯಾಚ್ ಶುರುವಾದರೆ ಮತ್ತೆ ಅದೇ. ಈಗ ಭಾನುವಾರ ಪೂಜೆಗೆ ಹೋಗಲೂ ನಾಚಿಕೆ. ದೇವರು ನನ್ನ ಕೈಬಿಟ್ಟನೇ?

ಉತ್ತರ: ಇಲ್ಲ ತಮ್ಮಾ, ಬಿಟ್ಟಿಲ್ಲ. ಆದರೆ ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ದೇವರ ಹತ್ತಿರ ಏನು ಬೇಡುತ್ತಿದ್ದೀರಿ? ಈ ಆಸೆಯನ್ನೇ ತೆಗೆದುಬಿಡು ಅಂತ ತಾನೇ? ಸಾಲ ಯಾರಿಗೂ ಗೊತ್ತಾಗಬಾರದು, ಕೆಲಸ ಹೋಗಬಾರದು, ಗೆಳೆಯನ ಸಂಗವೂ ಉಳಿಯಬೇಕು, ಚಟ ಮಾತ್ರ ಒಂದು ಬೆಳಿಗ್ಗೆ ತಾನಾಗಿ ಹೋಗಿರಬೇಕು. ಹಾಗೆ ಬೇಡುವುದು ಸಹಜವೇ. ಆದರೆ ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯ ತೆಗೆದು ನೋಡಿ. ತಾಳಲಾಗದಷ್ಟು ಶೋಧನೆ, ಅಂದರೆ ಪಾಪಕ್ಕೆ ಎಳೆಯುವ ಸೆಳೆತ, ಬರಲು ದೇವರು ಬಿಡುವುದಿಲ್ಲ, ಪಾರಾಗುವ ದಾರಿಯನ್ನೂ ಕೊಡುತ್ತಾನೆ ಅಂತ ಇದೆ. ಆ ದಾರಿಗೆ ಖರ್ಚೇ ಇಲ್ಲ ಅಂತ ಎಲ್ಲೂ ಇಲ್ಲ.

ಯೋಸೇಫನನ್ನೇ ನೋಡಿ. ಆದಿಕಾಂಡದ 39ನೇ ಅಧ್ಯಾಯ. ಅವನ ಯಜಮಾನ ಪೋಟೀಫರನ ಹೆಂಡತಿ ಕೆಟ್ಟ ಆಸೆಯಿಂದ ಬಟ್ಟೆ ಹಿಡಿದು ಎಳೆದಾಗ ಅವನು ವಾದ ಮಾಡುತ್ತಾ ನಿಲ್ಲಲಿಲ್ಲ, ತನ್ನ ಮನಸ್ಸು ಎಷ್ಟು ಗಟ್ಟಿ ಅಂತ ಪರೀಕ್ಷೆ ಮಾಡಲೂ ಹೋಗಲಿಲ್ಲ. ಬಟ್ಟೆ ಅವಳ ಕೈಯಲ್ಲೇ ಬಿಟ್ಟು ಓಡಿದ. ಆಮೇಲೆ ಏನಾಯಿತು? ಅದೇ ಬಟ್ಟೆ ತೋರಿಸಿ ಸುಳ್ಳು ದೂರು ಹೇಳಿದರು, ಅವನು ಜೈಲು ಸೇರಿದ. ಸರಿಯಾದದ್ದನ್ನೇ ಮಾಡಿ ಎಲ್ಲ ಕಳೆದುಕೊಂಡ. ಆದರೂ ದೇವರು ಅವನ ಜೊತೆಗಿದ್ದ, ಜೈಲಿನಲ್ಲೂ ಇದ್ದ ಅಂತ ಅದೇ ಅಧ್ಯಾಯ ಹೇಳುತ್ತದೆ.

ನಿಮಗೂ ದಾರಿ ಇದೆ. ಮೊದಲು ಆ ಗಲ್ಲಾ. ಹಣ ವಾಪಸ್ ಇಟ್ಟೆ, ಮುಗಿಯಿತು ಅಂದುಕೊಂಡಿದ್ದೀರಿ, ಆದರೆ ಮಳೆಗಾಲದ ಇಂಬಳದ (ಜಿಗಣೆಯ) ಹಾಗೆ ಇದು, ಹತ್ತಿದ್ದು ಗೊತ್ತಾಗುವುದೇ ರಕ್ತ ಕಂಡಮೇಲೆ. ಕೊಯ್ಲು ಮುಗಿದು ಅಡಿಕೆ ಮಂಡಿಗೆ ಬರುವ ದಿನಗಳಲ್ಲಿ ಎಷ್ಟು ದುಡ್ಡು ಕೈ ದಾಟುತ್ತದೆ ಅಂತ ನಿಮಗೇ ಜಾಸ್ತಿ ಗೊತ್ತು. ಮಾಲೀಕರ ಹತ್ತಿರ ಹೋಗಿ, ಗಲ್ಲಾ ಬೇರೆಯವರಿಗೆ ಕೊಡಿ, ನಾನು ಲೆಕ್ಕ ಮಾತ್ರ ನೋಡಿಕೊಳ್ಳುತ್ತೇನೆ ಅನ್ನಿ. ಯಾಕೆ ಅಂತ ಕೇಳುತ್ತಾರೆ. ನಿಜ ಹೇಳಿ. ಕೆಲಸ ಹೋಗಬಹುದು, ಹೋಗುವುದಿಲ್ಲ ಅಂತ ನಾನು ಸುಮ್ನೆ ಧೈರ್ಯ ಹೇಳುವುದಿಲ್ಲ. ಆದರೆ ಇನ್ನೊಂದು ಸಲ ಕೈ ಹಾಕಿ ಸಿಕ್ಕಿಬಿದ್ದರೆ ಕೆಲಸದ ಜೊತೆ ಪೊಲೀಸ್ ಕೇಸೂ ಇರುತ್ತದೆ.

ಗೆಳೆಯನ ನಂಬರ್ ಇವತ್ತೇ ತೆಗೆಯಿರಿ. 2025ರ ಆಗಸ್ಟ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಬಂತು, ಆದರೂ ನಿಮ್ಮ ಫೋನಿಗೆ ಬೆಟ್ಟಿಂಗ್ ಬಂದಿದ್ದು ಆ ಗೆಳೆಯನಿಂದ ಅಲ್ವಾ?

ನಾಚಿಕೆ ಅಂತ ಪೂಜೆ ಬಿಡಬೇಡಿ, ದಯವಿಟ್ಟು. ಬಿದ್ದವನು ದೂರ ಇದ್ದಷ್ಟೂ ಶೋಧಕನಿಗೇ, ಅಂದರೆ ಸೈತಾನನಿಗೇ, ಲಾಭ. ಪಾಪನಿವೇದನೆಗೆ ಹೋಗಿ, ಮಾಡಿದ ತಪ್ಪನ್ನು ಫಾದರ್ ಮುಂದೆ ಒಪ್ಪಿಕೊಳ್ಳಿ. ಊರಿನ ಫಾದರ್‌ಗೆ ಹೇಳಲು ಸಂಕೋಚವಾದರೆ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿಗೆ ಹೋಗಿ. ಅಲ್ಲಿ ಹೇಳಿದ್ದನ್ನು ಯಾವ ಫಾದರೂ ಹೊರಗೆ ಬಾಯಿಬಿಡುವಂತಿಲ್ಲ, ಅದು ಧರ್ಮಸಭೆಯ ಕಟ್ಟುನಿಟ್ಟಾದ ನಿಯಮ. ಜೊತೆಗೆ ಅಣ್ಣನೋ ಮಾವನೋ, ಮನೆಯ ಒಬ್ಬರಿಗೆ ಪೂರ್ತಿ ಸಾಲದ ಲೆಕ್ಕ ಕೊಡಿ. ಅರ್ಧ ಹೇಳಬೇಡಿ. ಮ್ಯಾಚ್ ಇರುವ ಸಂಜೆ ರೂಮಿನಲ್ಲಿ ಒಬ್ಬರೇ ಇರಬೇಡಿ, ಫೋನ್ ಅವರ ಕೈಗೆ ಕೊಡಿ.

ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಡಿಮೆ ಅಂತ ಅರ್ಥ ಅಲ್ಲ. ಜೂಜಿನ ಚಟಕ್ಕೆ ಚಿಕಿತ್ಸೆ ಇದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿಯೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜಪಸರವನ್ನೂ ಬಿಡಬೇಡಿ, ಇಷ್ಟು ದಿನ ನಿಮ್ಮನ್ನು ಪೂರ್ತಿ ಮುಳುಗಲು ಬಿಡದೆ ಹಿಡಿದಿದ್ದು ಅದೇ ಅಂತ ನಾನು ನಂಬುತ್ತೇನೆ.

ಪ್ರಶ್ನೆ: ಸಾಗರದಿಂದ ಒಬ್ಬ ತಾಯಿ. ಮಗಳು ಚರ್ಚಿನ ದೃಢೀಕರಣ ಸಂಸ್ಕಾರಕ್ಕೆ ತಯಾರಾಗುತ್ತಿದ್ದಾಳೆ. ಪ್ರಾರ್ಥನೆಗೆ ಕೂತರೆ ಕೆಟ್ಟ ಯೋಚನೆ ಬರುತ್ತದೆ, ನಾನು ಪಾಪಿ ಅಂತ ಹೆದರುತ್ತಾಳೆ. ಏನು ಹೇಳಲಿ?

ಉತ್ತರ: ಅಮ್ಮಾ, ಯೋಚನೆ ಬರುವುದೇ ಪಾಪ ಅಲ್ಲ. ಯೇಸುವಿಗೂ ಶೋಧನೆ ಬಂತು, ಅದೂ 40 ದಿನ ಉಪವಾಸ ಮಾಡಿ ಹಸಿದಾಗ. ಮೂರು ಸಲವೂ ಅವರು ಧರ್ಮೋಪದೇಶಕಾಂಡದ ಮಾತಿನಲ್ಲೇ ಚಿಕ್ಕದಾಗಿ ಉತ್ತರ ಕೊಟ್ಟರು, ಜಗಳಕ್ಕೆ ಕೂರಲಿಲ್ಲ. ಮಗಳಿಗೆ ಅವಳಿಗಿಷ್ಟವಾದ ಒಂದು ಕೀರ್ತನೆಯ ಸಾಲು ಬಾಯಿಪಾಠ ಮಾಡಿಸಿ. ಯೋಚನೆ ಬಂದಾಗ ಅದನ್ನು ಹೇಳಿಕೊಂಡು ಪ್ರಾರ್ಥನೆ ಮುಂದುವರಿಸಲಿ. ಹೆದರಿಕೆ ಜಾಸ್ತಿಯಾಗಿ ಊಟ ನಿದ್ದೆ ಬಿಟ್ಟರೆ ಮಾತ್ರ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.