ಹೈಡಿನ ಕಿಟಕಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹಕ್ಕಿಗಳ ಫೋಟೊ ತೆಗೆಯಲು ಮರೆಯಾಗಿ ಕೂರುವ ಹೈಡ್ ಕುರಿತು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಿಟಕಿಯ ಸುತ್ತಲೇ ಇದ್ದವು. ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: 12 ಮಿ.ಮೀ. ಪ್ಲೈವುಡ್ಡಿನಲ್ಲಿ 4 ಅಡಿ ಅಗಲ, 6 ಅಡಿ ಉದ್ದದ ಹೈಡ್ ಕಟ್ಟಿ ಮುಗಿದಿದೆ. ಕಿಟಕಿ ನಾನೇ ಮಾಡಿಕೊಳ್ಳಬೇಕೆಂದಿದ್ದೇನೆ. ಸ್ಲೈಡಿಂಗ್ ಮಾಡಿದರೆ ಸುಲಭವೇ? ಅಳತೆ ಸಮೇತ ತಿಳಿಸಿ.

ಸ್ಲೈಡಿಂಗ್ ಬೇಡ. ಹಳಿಯಲ್ಲಿ ಧೂಳು ಕೂತರೆ ಕಿರುಗುಟ್ಟುತ್ತದೆ, ಮಳೆಗಾಲದಲ್ಲಿ ಮರ ಉಬ್ಬಿದರೆ ಸಿಕ್ಕಿಕೊಳ್ಳುತ್ತದೆ. ಹೊರಗೆ ತೆರೆಯುವ ಬಾಗಿಲೂ ಬೇಡ. ಅದರ ಅಲುಗಾಟವೇ ಹಕ್ಕಿಯ ಕಣ್ಣಿಗೆ ಮೊದಲು ಬೀಳುವುದು. ಕೆಳಗಡೆ ಹಿಂಜ್ ಇರುವ, ಒಳಕ್ಕೆ ಬಾಗಿ ಗೋಡೆಗೆ ಒರಗುವ ಶಟರ್ ಮಾಡಿ. ತೆರೆದ ಮೇಲೆ ತನ್ನ ಭಾರಕ್ಕೇ ಕೆಳಗೆ ನಿಲ್ಲುತ್ತದೆ, ಕೊಕ್ಕೆ ಸರಪಳಿ ಯಾವುದೂ ಬೇಕಿಲ್ಲ.

ಗರಗಸ ಹಿಡಿಯುವ ಮುಂಚೆ ಕೂತು ನೋಡಿ. 18 ಇಂಚಿನ ಸ್ಟೂಲಿನ ಮೇಲೆ ಕೂತವರ ಕಣ್ಣು ಸುಮಾರಾಗಿ ನೆಲದಿಂದ 46–49 ಇಂಚು ಎತ್ತರದಲ್ಲಿರುತ್ತದೆ. ಹಕ್ಕಿ ನೆಲದ ಮೇಲೆ ಹತ್ತಿರದಲ್ಲೇ ಇದ್ದರೆ ಲೆನ್ಸ್ ಕೆಳಮುಖವಾಗುತ್ತದೆ, ಆದ್ದರಿಂದ ಕಂಡಿಯ ಕೆಳ ಅಂಚು 38 ಇಂಚಿನಲ್ಲಿರಲಿ. ಕಂಡಿ 24 ಇಂಚು ಅಗಲ, 12 ಇಂಚು ಎತ್ತರ ಸಾಕು. ದೊಡ್ಡದಾದಷ್ಟೂ ನೋಟ ಚೆನ್ನ ಅನಿಸುತ್ತದೆ, ಆದರೆ ನಿಮ್ಮ ಕೈಯಾಟವೂ ಅಷ್ಟೇ ಚೆನ್ನಾಗಿ ಹೊರಗೆ ಕಾಣುತ್ತದೆ.

ಶಟರ್‌ಗೆ ಒಂದೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ರೀಪರ್ (ಮರದ ಪಟ್ಟಿ) ತನ್ನಿ. ಹೊರ ಅಳತೆ 26 × 14 ಇಂಚಿನ ಫ್ರೇಮ್ ಮಾಡಿ. ಮುಚ್ಚಿದಾಗ ಅದು ಕಂಡಿಯ ನಾಲ್ಕೂ ಕಡೆ ಗೋಡೆಯ ಮೇಲೆ ಒಂದೊಂದು ಇಂಚು ಹತ್ತಿ ಕೂರುತ್ತದೆ. ಫ್ರೇಮಿನ ಒಳ ಅಳತೆ 23 × 11 ಇಂಚು, ಅಂದರೆ ಸುಮಾರು 584 × 279 ಮಿ.ಮೀ. ಅದರೊಳಗೆ ಕೂರುವ 3 ಮಿ.ಮೀ. ಅಕ್ರಿಲಿಕ್ ಶೀಟನ್ನು (ಗಾಜಿನಂತೆ ಕಾಣುವ ಪ್ಲಾಸ್ಟಿಕ್) 580 × 275ಕ್ಕೆ ಕತ್ತರಿಸಿ; ಸುತ್ತ 2 ಮಿ.ಮೀ. ಸಂದು ಬೇಕೇ ಬೇಕು, ಕಾರಣ ಮುಂದಿನ ಉತ್ತರದಲ್ಲಿದೆ. ಹೊರಬದಿಗೆ 12 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಬೀಡಿಂಗ್ (ಶೀಟಿನ ಅಂಚು ಹಿಡಿಯುವ ಸಣ್ಣ ಮರದ ಪಟ್ಟಿ) ಹೊಡೆದು, ಅದರ ಮೇಲೆ 1 ಮಿ.ಮೀ. ಫೋಮ್ ಟೇಪ್ ಅಂಟಿಸಿ ಶೀಟ್ ಕೂರಿಸಿ. ಮತ್ತೆ ಟೇಪ್, ಮತ್ತೆ ಬೀಡಿಂಗ್. ಒಳಬದಿಯ ಬೀಡಿಂಗಿಗೆ ಮೊಳೆ ಬೇಡ, ಚಿಕ್ಕ ಸ್ಕ್ರೂ ಹಾಕಿ. ಶೀಟ್ ಗೀಚಿ ಹಾಳಾದ ದಿನ ಬಿಚ್ಚಿ ಬದಲಿಸಬಹುದು.

ಹಲವರು ಎಡವುವುದು ಹಿಂಜ್ ಹತ್ತಿರ. ಫ್ರೇಮ್ ಗೋಡೆಯಿಂದ ಮುಕ್ಕಾಲು ಇಂಚು ಮುಂದಿರುತ್ತದೆ. ಹಿಂಜನ್ನು ನೇರ ಗೋಡೆಗೆ ಹೊಡೆದರೆ ಶಟರ್ ಪೂರ್ತಿ ಕೆಳಗೆ ಬಾಗದೆ ಅರ್ಧದಲ್ಲೇ ನಿಂತು ತೊಡೆಗೆ ತಾಗುತ್ತದೆ. ಕಂಡಿಯ ಕೆಳಗೆ, ಫ್ರೇಮಿಗೆ ಒತ್ತಿದಂತೆ, ಅದೇ ದಪ್ಪದ ಇನ್ನೊಂದು ರೀಪರ್ ಅಡ್ಡ ಹೊಡೆಯಿರಿ. ಎರಡು ಇಂಚಿನ ಎರಡು ಹಿಂಜ್‌ಗಳನ್ನು ಆ ರೀಪರ್ ಮತ್ತು ಫ್ರೇಮಿನ ಒಳಮುಖಕ್ಕೆ ಜೋಡಿಸಿದರೆ ಶಟರ್ ಪೂರ್ತಿ ಮಡಚಿ ಕೆಳಗೆ ಒರಗುತ್ತದೆ. ಮೇಲುಗಡೆ ಒಂದೇ ಸ್ಕ್ರೂ ಮೇಲೆ ತಿರುಗುವ ಮರದ ತುಂಡು ಎರಡು ಸಾಕು. ಕಬ್ಬಿಣದ ಚಿಲಕ ಟಕ್ಕೆನ್ನುತ್ತದೆ.

ಪ್ರಶ್ನೆ: ಅಕ್ರಿಲಿಕ್ ಶೀಟನ್ನು ನೇರ ಸ್ಕ್ರೂ ಹಾಕಿ ಬಿಗಿ ಮಾಡಿದ್ದೆ. ಒಂದೇ ಬೇಸಿಗೆಯಲ್ಲಿ ಪ್ರತಿ ಸ್ಕ್ರೂ ಸುತ್ತ ಬಿರುಕು. ಶೀಟ್ ಕಳಪೆಯೇ?

ಶೀಟನ್ನು ಬೈಯಬೇಡಿ. ಅಕ್ರಿಲಿಕ್ ಬಿಸಿಗೆ ಗಾಜಿನ ಏಳೆಂಟು ಪಟ್ಟು ಹಿಗ್ಗುತ್ತದೆ: ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿಗೆ, ಸುಮಾರು 0.07 ಮಿ.ಮೀ. ರಾತ್ರಿಗೂ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸವಿದ್ದರೆ 580 ಮಿ.ಮೀ. ಶೀಟ್ 1.2 ಮಿ.ಮೀ. ಬೆಳೆಯುತ್ತದೆ. ಸ್ಕ್ರೂ ಅದನ್ನು ಜಗ್ಗಿ ಹಿಡಿದರೆ ತೂತಿನ ಅಂಚಿನಲ್ಲೇ ಬಿಟ್ಟುಕೊಳ್ಳುತ್ತದೆ. ಬೀಡಿಂಗಿನ ನಡುವೆ ಸಡಿಲವಾಗಿ ಕೂರಿಸುವುದೇ ಸರಿಯಾದ ದಾರಿ. ತೂತು ಕೊರೆಯಲೇಬೇಕಿದ್ದರೆ 4 ಮಿ.ಮೀ. ಸ್ಕ್ರೂಗೆ 6–7 ಮಿ.ಮೀ. ತೂತು, ರಬ್ಬರ್ ವಾಷರ್, ಬಿಗಿದ ಮೇಲೆ ಕಾಲು ಸುತ್ತು ಹಿಂದಕ್ಕೆ. ತೂತು ಅಂಚಿನಿಂದ ಅರ್ಧ ಇಂಚಾದರೂ ಒಳಗಿರಲಿ, ಕೊರೆಯುವಾಗ ಶೀಟಿನ ಕೆಳಗೆ ಹಲಗೆ ಇರಲಿ.

ಕತ್ತರಿಸುವಾಗ ರಕ್ಷಣೆಯ ಹಾಳೆ ಕೀಳಬೇಡಿ. 3 ಮಿ.ಮೀ. ಶೀಟಿಗೆ ಪಟ್ಟಿ ಇಟ್ಟು ಕಟರಿನಿಂದ ಎಂಟು-ಹತ್ತು ಸಲ ಗೀರಿ, ಮೇಜಿನ ಅಂಚಿಗೆ ತಂದು ಒತ್ತಿದರೆ ನೇರವಾಗಿ ಮುರಿಯುತ್ತದೆ. ಜಿಗ್‌ಸಾ ವೇಗವಾಗಿ ಓಡಿಸಿದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿನ ಹಿಂದೆಯೇ ಮತ್ತೆ ಬೆಸೆದುಕೊಳ್ಳುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಥಿನ್ನರ್, ಸ್ಪಿರಿಟ್ ಅಥವಾ ಅಮೋನಿಯಾ ಇರುವ ಗಾಜು ಕ್ಲೀನರಿನಿಂದ ಒರೆಸಿದ್ದೀರಾ? ಅಕ್ರಿಲಿಕ್ ಮೇಲೆ ಕೂದಲೆಳೆಯಂಥ ಬಿರುಕು ಹುಟ್ಟಿಸಲು ಅಷ್ಟು ಸಾಕು. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಸಾಬೂನು ನೀರು, ಮೆತ್ತನೆ ಹತ್ತಿ ಬಟ್ಟೆ.

ಪ್ರಶ್ನೆ: ಅಕ್ರಿಲಿಕ್ ಬದಲು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಶೀಟ್ ಹಾಕಿದರೆ ಹೇಗೆ?

ಕಲ್ಲು ಬಿದ್ದರೂ ಒಡೆಯದು, ಆದರೆ ಬೇಗ ಗೀಚುತ್ತದೆ. ಯುವಿ (ನೇರಳಾತೀತ ಕಿರಣ) ತಡೆಯುವ ಲೇಪನ ಇಲ್ಲದ್ದು ಬಿಸಿಲಿಗೆ ಹಳದಿಯಾಗುತ್ತದೆ. ಲೇಪನ ಒಂದೇ ಬದಿಗಿದ್ದರೆ ಅದು ಹೊರಗೆ ಬರಬೇಕು. ಸಂದು ಮುಚ್ಚಲು ಹುಳಿ ವಾಸನೆಯ ಸಿಲಿಕೋನ್ ಅಂಟು ಅದಕ್ಕೆ ಆಗದು, ನ್ಯೂಟ್ರಲ್ ಸಿಲಿಕೋನ್ ಬಳಸಿ. ಮಂಗಗಳ ಕಾಟ ಇಲ್ಲದಿದ್ದರೆ ಅಕ್ರಿಲಿಕ್ಕೇ ಇರಲಿ.

ಪ್ರಶ್ನೆ: ಶೀಟಿನ ಮೂಲಕ ತೆಗೆದ ಫೋಟೊ ಮಸುಕು. ಕಿಟಕಿ ತೆರೆದು ತೆಗೆದರೂ ಬೆಳಗಿನ ಹೊತ್ತು ಅದೇ ಗತಿ.

ಇಲ್ಲಿ ಎರಡು ಬೇರೆ ತೊಂದರೆಗಳು ಬೆರೆತಿವೆ. ಶೀಟಿನ ಎರಡೂ ಮೈಯಿಂದ ಬೆಳಕು ಮರಳುವುದರಿಂದ, ಲೆನ್ಸ್ ಓರೆಯಾದಷ್ಟೂ ಎರಡೆರಡು ಅಂಚು ಮೂಡುತ್ತವೆ. ಲೆನ್ಸಿನ ಮುಂದೆ ಸಿಕ್ಕಿಸುವ ರಬ್ಬರ್ ಹುಡ್ ಶೀಟಿಗೆ ತಾಗುವಂತೆ ಹಿಡಿದು, ನೇರ ಎದುರಿಗೆ ತೆಗೆದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಉದ್ದದ ಲೆನ್ಸಿಗಂತೂ ಶೀಟು ಕಾಯುತ್ತ ಕೂರಲಷ್ಟೇ; ತೆಗೆಯಲು ತೆರೆದ ಕಂಡಿಯೇ ಆಗಬೇಕು.

ಎರಡನೆಯದು ಗಾಳಿಯ ಕೆಲಸ. ಚಳಿಯ ಬೆಳಗಿನಲ್ಲಿ ನಿಮ್ಮ ಮೈಶಾಖಕ್ಕೆ ಒಳಗಿನ ಗಾಳಿ ಬೆಚ್ಚಗಾಗಿರುತ್ತದೆ. ಕಂಡಿ ತೆರೆದಾಗ ಅದು ಲೆನ್ಸಿನ ಮುಂದೆಯೇ ಹೊರಗೆ ಹರಿದು ಚಿತ್ರವನ್ನು ಅಲೆ ಅಲೆಯಾಗಿಸುತ್ತದೆ. ಹಕ್ಕಿ ಬರುವ ಹೊತ್ತಿಗೆ 15–20 ನಿಮಿಷ ಮುಂಚೆಯೇ ತೆರೆದಿಡಿ. ಹಿಂಗೋಡೆಯ ಮೇಲೂ ಕೆಳಗೂ ಎರಡು ಇಂಚಿನ ತೂತು ಕೊರೆದು ಸೊಳ್ಳೆ ಜಾಲರಿ ಹಾಕಿ, ಮುಂದೆ ಕಪ್ಪು ಬಟ್ಟೆಯ ಮರೆ ಕಟ್ಟಿ. ಶೀಟಿಗೆ ಹಬೆ ಹಿಡಿಯುವುದೂ ಇದರಿಂದ ತಗ್ಗುತ್ತದೆ.

ಪ್ರಶ್ನೆ: ಹೊರಗೆಲ್ಲ ಎಲೆ ಬಣ್ಣ ಬಳಿದಿದ್ದೇನೆ. ಆದರೂ ಕಿಟಕಿ ತೆರೆದ ಕೂಡಲೇ ಹಕ್ಕಿಗಳು ಹಾರುತ್ತವೆ.

ಹೊರಗಿನ ಬಣ್ಣಕ್ಕಿಂತ ಒಳಗಿನ ಕತ್ತಲು ಮುಖ್ಯ. ಎದುರುಬದುರು ಎರಡು ಕಿಟಕಿ ತೆರೆದಿದ್ದರೆ ನಿಮ್ಮ ನೆರಳು ಪರದೆಯ ಮೇಲಿನ ಬೊಂಬೆಯಂತೆ ಕಾಣುತ್ತದೆ. ಒಂದೇ ಬದಿ ತೆರೆಯಿರಿ, ಒಳಗೋಡೆಗೆ ಹೊಳಪಿಲ್ಲದ ಕಪ್ಪು ಬಳಿಯಿರಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ. ಕಂಡಿಗೆ ಎರಡು ಪದರ ಕ್ಯಾಮೊಫ್ಲಾಜ್ ಬಲೆ ಇಳಿಬಿಟ್ಟು ನಡುವೆ ಸೀಳು ಮಾಡಿ, ಲೆನ್ಸ್ ಸುತ್ತ ಎಲಾಸ್ಟಿಕ್ ಇರುವ ಬಟ್ಟೆಯ ತೋಳು ಹೊಲಿಯಿರಿ. ಬಲೆಯ ಕೆಳ ಅಂಚಿಗೆ ಭಾರ ಕಟ್ಟದಿದ್ದರೆ ಗಾಳಿಗೆ ಅದೇ ಹಾರಾಡಿ ಹೆದರಿಸುತ್ತದೆ.

ಬಲೆಗೆ ವೆಲ್ಕ್ರೊ ಅಂಟಿಸಿದ್ದರೆ ಕಿತ್ತೆಸೆಯಿರಿ. ಅದನ್ನು ಬಿಡಿಸುವ ಸದ್ದಿಗೆ ಹಕ್ಕಿಯಿರಲಿ, ಪಕ್ಕದಲ್ಲಿ ತೂಕಡಿಸುವವರೂ ಏಳುತ್ತಾರೆ. ಹಿಂಜಿಗೆ ವ್ಯಾಸಲಿನ್, ಫ್ರೇಮ್ ಗೋಡೆಗೆ ತಾಗುವ ಕಡೆ 3 ಮಿ.ಮೀ. ಫೆಲ್ಟ್ ಪಟ್ಟಿ. ಹಕ್ಕಿ ಎದುರಿಗಿರುವಾಗ ಕಿಟಕಿಯ ಶಟರ್ ಮುಟ್ಟಲೇಬೇಡಿ.

ಗೂಡು ಕಟ್ಟಿದ ಹಕ್ಕಿಯ ಪಕ್ಕ ಹೈಡ್ ನಿಲ್ಲಿಸಿದ್ದರೆ ಈ ಯಾವ ಉಪಾಯವೂ ಬೇಡ, ಹೈಡನ್ನೇ ಎತ್ತಿ.

ಪ್ರಶ್ನೆ: ಕಾರಿನ ಕಿಟಕಿಗೆ ಹಾಕುವ ಕನ್ನಡಿಯಂಥ ಫಿಲ್ಮ್ ಅಂಟಿಸಬಹುದೇ?

ಹೊರಗೆ ಬೆಳಕು, ಒಳಗೆ ಕತ್ತಲು ಇದ್ದಾಗ ಮಾತ್ರ ಅದು ಮರೆ ಮಾಡುತ್ತದೆ. ಸಂಜೆ ಮೊಬೈಲ್ ಪರದೆ ಹೊತ್ತಿಸಿದರೆ ನಿಮ್ಮ ಮುಖವೇ ಹೊರಗೆ ಕಾಣುತ್ತದೆ. ಬೆಳಕಿನ ಕಾಲು ಭಾಗವಷ್ಟೇ ಒಳಗೆ ಬಿಡುವ ಫಿಲ್ಮ್ ಎಂದರೆ ಎರಡು ಸ್ಟಾಪ್ ನಷ್ಟ, ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುತ್ತದೆ. ಕ್ಯಾಮೆರಾದ ಬೆಳಕಿನ ಸಂವೇದನೆ, ಅಂದರೆ ಐಎಸ್‌ಒ 400ರಲ್ಲಿ ಆಗುತ್ತಿದ್ದುದಕ್ಕೆ 1600 ಬೇಕು. ಜೊತೆಗೆ ಕೆಲವು ಹಕ್ಕಿಗಳು ತಮ್ಮ ಪ್ರತಿಬಿಂಬವನ್ನೇ ಶತ್ರುವೆಂದು ಕುಕ್ಕುತ್ತವೆ, ಕೆಲವು ಅದರಲ್ಲಿ ಮರ ಆಕಾಶ ಕಂಡು ಬಂದು ಬಡಿಯುತ್ತವೆ. ಅಂಟಿಸಲೇಬೇಕಿದ್ದರೆ ಶೀಟಿನ ಮುಂದೆ ಎರಡು ಮೂರು ಇಂಚು ಬಿಟ್ಟು ಬಲೆ ಬಿಗಿಯಾಗಿ ಕಟ್ಟಿ.

ಪ್ರಶ್ನೆ: ಮಳೆ ಬಂದರೆ ಕಿಟಕಿಯ ಕೆಳ ಅಂಚಿನಿಂದ ನೀರು ಒಳಗೆ ಬರುತ್ತದೆ, ಪ್ಲೈವುಡ್ ಉಬ್ಬಿದೆ.

ಉಬ್ಬಿದ ಭಾಗ ಕತ್ತರಿಸಿ ತೆಗೆಯಿರಿ, ಬಣ್ಣ ಬಳಿದರೆ ಸರಿಹೋಗದು. ಪ್ಲೈವುಡ್ ನೀರು ಕುಡಿಯುವುದು ಕತ್ತರಿಸಿದ ಅಂಚಿನಿಂದ. ಹೊಸ ಅಂಚಿಗೆ ಪ್ರೈಮರ್, ಅದರ ಮೇಲೆ ಹೊರಗೋಡೆಯ ಬಣ್ಣ ಎರಡು ಕೋಟ್. ಕಂಡಿಯ ಕೆಳಗೆ ಹೊರಕ್ಕೆ ಇಳಿಜಾರಾದ ಪಟ್ಟಿ ಕೂರಿಸಿ, ಅದರ ಅಡಿಯಲ್ಲಿ ಹೊರ ಅಂಚಿನ ಹತ್ತಿರ ಗರಗಸದಿಂದ 3 ಮಿ.ಮೀ. ತೋಡು ತೆಗೆಯಿರಿ. ಅಡಿಯಲ್ಲಿ ಹರಿದು ಗೋಡೆಗೆ ಬರುವ ನೀರು ಆ ತೋಡು ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಸೂರು ಗೋಡೆಯಿಂದ ಒಂದು ಅಡಿ ಮುಂದೆ ಚಾಚಿದ್ದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.