ಪಿಯಾಜೆ, ವೈಗಾಟ್ಸ್ಕಿ, ಸ್ಕಿನ್ನರ್: ಯಾರ ಸಿದ್ಧಾಂತ ಹಿಡಿದು ಪಾಠ ಮಾಡಲಿ?

ಅಭ್ಯಾಸ ಬೋಧನೆ, ಅಂದರೆ ಶಿಕ್ಷಕ ತರಬೇತಿಯಲ್ಲಿ ಶಾಲೆಗೆ ಹೋಗಿ ಪಾಠ ಮಾಡುವುದು, ಶುರುವಾಗುವ ಮೊದಲು ಕಲಿಕೆಯ ಬಗ್ಗೆ ಸಿದ್ಧಾಂತ ಕೊಟ್ಟ ಈ ಮೂವರು ಮನಶ್ಶಾಸ್ತ್ರಜ್ಞರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು, ಯಾರು ಸರಿ ಅಂತ ಕೇಳಿದ್ದೀರಿ. ನಾನೂ ಹಾಗೆ ಆರಿಸಿಕೊಂಡೇ ತರಗತಿಗೆ ಹೋಗಿದ್ದೆ. ನಾನು ಹಿಡಿದದ್ದು ರಚನಾವಾದ, ಅಂದರೆ ಪಿಯಾಜೆ, ವೈಗಾಟ್ಸ್ಕಿ ಅವರ ಹೆಸರಲ್ಲಿ ಹೇಳುವ ಸಿದ್ಧಾಂತ. ಮಕ್ಕಳು ತಿಳಿವನ್ನು ತಾವೇ ಕಟ್ಟಿಕೊಳ್ಳುತ್ತಾರೆ, ಶಿಕ್ಷಕಿ ಹೇಳಿಕೊಡಬಾರದು ಅಂತ ಪಾಠ ಯೋಜನೆಯ ಮೊದಲ ಪುಟದಲ್ಲೇ ಬರೆದಿದ್ದೆ. ಹೇಳಿಕೊಡುವುದು ಹಳೇ ಕಾಲದ ಪದ್ಧತಿ ಅಂತ ನಿಜವಾಗಿಯೂ ನಂಬಿದ್ದೆ.

ಪಾಠ ಭಿನ್ನರಾಶಿಯದ್ದು. ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ? ಪ್ರತಿ ಗುಂಪಿಗೂ ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೊಟ್ಟೆ. ಒಂದನ್ನು ಮೂರು ಸಮ ಭಾಗವಾಗಿ, ಇನ್ನೊಂದನ್ನು ನಾಲ್ಕು ಸಮ ಭಾಗವಾಗಿ ಮಡಿಸಿ, ನೋಡಿ, ಮಾತಾಡಿಕೊಳ್ಳಿ ಅಂದೆ. ಮಕ್ಕಳು ಖುಷಿಯಿಂದ ಮಡಿಸಿದರು. ಒಂದು ಗುಂಪಿನ ಹತ್ತಿರ ಹೋದಾಗ ಒಬ್ಬ ಹುಡುಗಿ ಪಟ್ಟಿಯ ಮೇಲೆ ಬೆರಳಿಟ್ಟು ಎಣಿಸಿ ಹೇಳಿದಳು: "ಮಿಸ್, ಇದರಲ್ಲಿ ನಾಲ್ಕಿದೆ, ಅದರಲ್ಲಿ ಮೂರೇ ಇರೋದು. ಅದಕ್ಕೆ ನಾಲ್ಕನೇ ಒಂದೇ ದೊಡ್ಡದು."

"ಹೌದಾ? ಚೆನ್ನಾಗಿ ಯೋಚನೆ ಮಾಡಿದ್ದೀಯ" ಅಂದು ನಾನು ಪಕ್ಕದ ಗುಂಪಿಗೆ ಹೋದೆ.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನೀವು ಎಡವುವುದಿದ್ದರೆ ಇಲ್ಲೇ ಎಡವುತ್ತೀರಿ. ಕಾಗದದ ಪಟ್ಟಿ ಕೊಟ್ಟಿದ್ದು ತಪ್ಪಲ್ಲ. ಗುಂಪು ಮಾಡಿದ್ದೂ ತಪ್ಪಲ್ಲ. ಅವಳು ಹಾಗೆ ಹೇಳಿದ್ದಂತೂ ಸಹಜ. ಎಣಿಸಲು ಕಲಿತ ದಿನದಿಂದ ಅವಳು ಕಂಡಿದ್ದು ಪೂರ್ಣ ಸಂಖ್ಯೆಗಳನ್ನು. ಅಲ್ಲಿ ನಾಲ್ಕು ಯಾವತ್ತೂ ಮೂರಕ್ಕಿಂತ ದೊಡ್ಡದೇ. ಹೊಸದನ್ನು ಆ ತಿಳಿವಿನಿಂದಲೇ ನೋಡಿದಳು, ಬೇರೆ ಯಾವುದರಿಂದ ನೋಡಬೇಕಿತ್ತು? ತಪ್ಪಾಗಿದ್ದು ಅವಳು ಮಾತು ಮುಗಿಸಿದ ಮೇಲೆ ನಾನು ಮಾಡಿದ್ದು. ಅವಳ ಗಮನ ಇದ್ದದ್ದು ತುಂಡು ಎಷ್ಟಿವೆ ಅನ್ನುವುದರ ಮೇಲೆ. ಒಂದು ತುಂಡು ಎಷ್ಟುದ್ದ ಇದೆ ಅಂತ ಅವಳು ನೋಡೇ ಇರಲಿಲ್ಲ. "ಇದರಲ್ಲಿ ಒಂದೇ ಒಂದು ತುಂಡು ತೋರಿಸು. ಅದರಲ್ಲೂ ಒಂದು ತೋರಿಸು. ಎರಡನ್ನೂ ಅಕ್ಕಪಕ್ಕ ಇಡು" ಅಂದಿದ್ದರೆ ಸಾಕಿತ್ತು. ಉತ್ತರ ನಾನು ಹೇಳಿದಂತೆ ಆಗುತ್ತಿರಲಿಲ್ಲ, ಅವಳ ಕಣ್ಣಿಗೇ ಕಾಣುತ್ತಿತ್ತು. ಆದರೆ ಅಷ್ಟು ಹೇಳಿದರೂ ಹೇಳಿಕೊಟ್ಟಂತೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ತಾನಾಗೇ ಕಂಡುಕೊಳ್ಳುತ್ತಾಳೆ ಅಂತ ಬಿಟ್ಟೆ. ಸಾಲದ್ದಕ್ಕೆ ಹೊಗಳಿದೆ. ನಾನು ಹೊಗಳಿದ್ದು ಯೋಚನೆ ಮಾಡಿದ್ದಕ್ಕೆ, ಅವಳು ತಿಳಿದುಕೊಂಡಿದ್ದು ಉತ್ತರ ಸರಿ ಅಂತ. ಗುಂಪಿನ ಉಳಿದವರೂ ಅದನ್ನೇ ಬರೆದುಕೊಂಡರು.

ಪಾಠ ನೋಡಲು ಬಂದಿದ್ದ ಮೇಲ್ವಿಚಾರಕರು ಮಕ್ಕಳು ಚಟುವಟಿಕೆಯಿಂದ ಇದ್ದರು ಅಂತ ಒಳ್ಳೆಯ ಮಾತೇ ಬರೆದರು. ಅದಕ್ಕೇ ತಪ್ಪು ನನ್ನ ಗಮನಕ್ಕೆ ಬರಲಿಲ್ಲ. ಬಂದಿದ್ದು ಕೂಡುವ ಲೆಕ್ಕಕ್ಕೆ ಹೋದಾಗ. 1/3ಕ್ಕೆ 1/4 ಕೂಡಿ ಅಂದರೆ ತುಂಬಾ ಮಕ್ಕಳು 2/7 ಅಂತ ಬರೆದಿದ್ದರು. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಬಿಟ್ಟಿದ್ದರು. ನೋಡಿ, 2/7 ಅನ್ನುವುದು 1/3ಕ್ಕಿಂತಲೂ ಚಿಕ್ಕದು. ಕೂಡಿದ ಮೇಲೆ ಕಡಿಮೆ ಆಗುವುದು ಹೇಗೆ ಅಂತ ಕೇಳಿದೆ. ನನ್ನ ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ. ಛೇದ ದೊಡ್ಡದಾದರೆ ಭಿನ್ನರಾಶಿಯೂ ದೊಡ್ಡದು ಅಂತ ನಂಬಿದವರಿಗೆ 2/7 ದೊಡ್ಡದಾಗಿಯೇ ಕಾಣುತ್ತದೆ, ಅಲ್ವಾ? ಮತ್ತೆ ಮೊದಲಿನಿಂದ ಶುರು ಮಾಡಿದೆ. ಅದು ಮುಗಿಯುವ ಮೊದಲೇ ನನ್ನ ಅಭ್ಯಾಸ ಬೋಧನೆ ಮುಗಿಯಿತು. ಆ ಮಕ್ಕಳನ್ನು ಗೊಂದಲದಲ್ಲೇ ಬಿಟ್ಟು ಬಂದೆ. ಅಂಕ ಕಡಿಮೆ ಬಂದಿದ್ದರೂ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಆಮೇಲೆ ಈ ಮೂವರನ್ನೂ ಮತ್ತೆ ಓದಿದೆ. ಪರೀಕ್ಷೆಗೆ ಓದಿದ ಹಾಗಲ್ಲ, ಆ ಹುಡುಗಿಯ ಮಾತು ತಲೆಯಲ್ಲಿಟ್ಟುಕೊಂಡು. ಪಿಯಾಜೆ ಪ್ಯಾರಿಸ್‌ನಲ್ಲಿ ಬುದ್ಧಿಶಕ್ತಿ ಪರೀಕ್ಷೆಗಳ ಕೆಲಸ ಮಾಡುತ್ತಿದ್ದಾಗ ಅವರ ಆಸಕ್ತಿ ಕೆರಳಿಸಿದ್ದು ಮಕ್ಕಳ ತಪ್ಪು ಉತ್ತರಗಳು. ಯಾಕೆ ಹೀಗೆ ಹೇಳಿದೆ ಅಂತ ಮಕ್ಕಳನ್ನೇ ಕೇಳುತ್ತಾ ಹೋದರು. ಅಗಲದ ಲೋಟದ ನೀರನ್ನು ಉದ್ದನೆಯ ಸಪೂರ ಲೋಟಕ್ಕೆ ಸುರಿದರೆ ಚಿಕ್ಕ ಮಗು ನೀರು ಜಾಸ್ತಿ ಆಯ್ತು ಅನ್ನುತ್ತದೆ. ಅದು ಎತ್ತರ ನೋಡುತ್ತದೆ, ಅಗಲ ಬಿಡುತ್ತದೆ. ನನ್ನ ತರಗತಿಯ ಹುಡುಗಿ ಅದಕ್ಕಿಂತ ದೊಡ್ಡವಳು, ಆದರೂ ಅವಳದ್ದೂ ಅದೇ ಥರ: ತುಂಡುಗಳ ಸಂಖ್ಯೆ ನೋಡಿದಳು, ಗಾತ್ರ ಬಿಟ್ಟಳು. ಪಿಯಾಜೆ ಆಗಿದ್ದರೆ ಅಲ್ಲೇ ಕೂತು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ಅವರ ಹೆಸರು ಹೇಳಿಕೊಂಡು ನಾನು ಎದ್ದು ಹೋಗಿದ್ದೆ.

ವೈಗಾಟ್ಸ್ಕಿ ವಿಷಯವೂ ಹಾಗೇ. ಮಗು ಒಬ್ಬಂಟಿಯಾಗಿ ಮಾಡಲಾಗದ, ಆದರೆ ತಿಳಿದವರ ನೆರವಿನಿಂದ ಮಾಡಬಲ್ಲ ಕೆಲಸದಲ್ಲಿ ಕಲಿಕೆ ಇದೆ ಅಂದವರು ಅವರು. ನೆರವಿನಿಂದ ಅನ್ನುವ ಮಾತನ್ನೇ ನಾನು ಬಿಟ್ಟುಬಿಟ್ಟಿದ್ದೆ. 1976ರಲ್ಲಿ ವುಡ್, ಬ್ರೂನರ್, ರಾಸ್ ಅನ್ನುವ ಮೂವರು ಸಂಶೋಧಕರು ಸೇರಿ 3ರಿಂದ 5 ವರ್ಷದ ಮಕ್ಕಳಿಗೆ ಮರದ ತುಂಡುಗಳಿಂದ ಪಿರಮಿಡ್ ಕಟ್ಟುವ ಕೆಲಸ ಕೊಟ್ಟಿದ್ದರು. ಸ್ಕ್ಯಾಫೋಲ್ಡಿಂಗ್, ಅಂದರೆ ಬೇಕಾದಷ್ಟೇ ಆಸರೆ ಕೊಡುವುದು, ಅಂತ ತರಬೇತಿಯಲ್ಲಿ ಓದುತ್ತೀರಲ್ಲ, ಅದು ಬಂದದ್ದು ಇಲ್ಲಿಂದ. ಕಲಿಸುವವರು ಮಗು ಮಾಡಬಲ್ಲದ್ದನ್ನು ಮಗುವಿಗೇ ಬಿಟ್ಟರು, ಸಿಕ್ಕಿಹಾಕಿಕೊಂಡಾಗ ಕೈ ಹಾಕಿದರು. ಸುಮ್ನೆ ನಿಂತು ನೋಡಲಿಲ್ಲ.

ಇನ್ನು ಸ್ಕಿನ್ನರ್. ಸರಿ ಉತ್ತರಕ್ಕೆ ಆಗಲೇ ಮೆಚ್ಚುಗೆ ಸಿಕ್ಕರೆ ಕಲಿಕೆ ಗಟ್ಟಿಯಾಗುತ್ತದೆ ಅನ್ನುವ ವರ್ತನಾವಾದಿ ಅವರು. ತರಬೇತಿಯಲ್ಲಿ ನಾವೆಲ್ಲ ಅವರನ್ನು ದೂರ ಇಟ್ಟಿದ್ದೆವು. ಅವರು 1953ರಲ್ಲಿ ಮಗಳ ಗಣಿತ ತರಗತಿಗೆ ಹೋಗಿ ಕೂತಿದ್ದರು. ಮಕ್ಕಳು ಲೆಕ್ಕ ಮಾಡುತ್ತಿದ್ದಾರೆ, ಆದರೆ ಸರಿಯೋ ತಪ್ಪೋ ಅಂತ ಆಗಲೇ ಯಾರಿಗೂ ಗೊತ್ತಾಗುತ್ತಿಲ್ಲ. ಅದನ್ನು ಕಂಡು, ಉತ್ತರ ಸರಿಯೋ ತಪ್ಪೋ ಅಂತ ಆಗಲೇ ತೋರಿಸುವ ಕಲಿಸುವ ಯಂತ್ರ ಮಾಡಲು ಹೊರಟರು. ಯಂತ್ರದ ಬಗ್ಗೆ ನನಗೆ ಒಲವಿಲ್ಲ. ಆದರೆ ಅವರು ಕಂಡ ಕೊರತೆ ನನ್ನ ತರಗತಿಯಲ್ಲೂ ಇತ್ತು. ತಾನು ಬರೆದಿದ್ದು ತಪ್ಪು ಅಂತ ಆ ಹುಡುಗಿಗೆ ತಿಳಿಯುವ ಹೊತ್ತಿಗೆ ಅದು ಗಟ್ಟಿಯಾಗಿ ಕೂತಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಾಠಕ್ಕೆ ಮೊದಲು ಸಿದ್ಧಾಂತ ಆರಿಸಬೇಡಿ. ಆರಿಸಿದ ಕ್ಷಣದಿಂದ ನಿಮ್ಮ ಗಮನ ಮಗುವಿನಿಂದ ನಿಮ್ಮ ಕಡೆಗೆ ತಿರುಗುತ್ತದೆ: ನಾನು ಅದರ ಪ್ರಕಾರ ನಡೆಯುತ್ತಿದ್ದೇನಾ, ಜಾಸ್ತಿ ಮಾತಾಡಿಬಿಟ್ಟೆನಾ ಅಂತ. ಮಗು ಏನು ಅಂದಿತು ಅನ್ನುವುದು ಕೇಳಿಸುವುದೇ ಇಲ್ಲ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಅಂತ ಮಕ್ಕಳನ್ನು ವಿಂಗಡಿಸಿ ಪಾಠ ಮಾಡಬೇಕಾ ಅಂತಲೂ ಕೇಳಿದ್ದೀರಿ. ಬೇಡ. ಹಾಗೆ ವಿಂಗಡಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ 2008ರಲ್ಲೇ ಪ್ಯಾಶ್ಲರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಹೇಳಿದ್ದಾರೆ.

ಬದಲಿಗೆ ಪಾಠ ಯೋಜನೆಯಲ್ಲಿ ಒಂದು ಕಾಲಂ ಜಾಸ್ತಿ ಹಾಕಿಕೊಳ್ಳಿ. ಈ ಪಾಠದಲ್ಲಿ ಮಕ್ಕಳು ಏನೇನು ತಪ್ಪು ಹೇಳಬಹುದು, ಹೇಳಿದಾಗ ನಾನು ಯಾವ ಮಾತು ಆಡುತ್ತೇನೆ ಅಂತ ಪೂರ್ತಿ ವಾಕ್ಯದಲ್ಲಿ ಬರೆಯಿರಿ. ಆ ಹೊತ್ತಿಗೆ ಹೊಳೆಯುತ್ತದೆ ಅಂತ ಬಿಡಬೇಡಿ, ಹೊಳೆಯುವುದಿಲ್ಲ. ಆ ವಿಷಯವನ್ನು ವರ್ಷಗಟ್ಟಲೆ ಕಲಿಸಿದವರನ್ನು ಕೇಳಿ, ತಪ್ಪುಗಳ ಪಟ್ಟಿ ಅವರ ಬಾಯಲ್ಲೇ ಇರುತ್ತದೆ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ತಡೆದು ನಿಲ್ಲಿ. ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ ತರಗತಿಗಳಲ್ಲಿ ಗಮನಿಸಿದಂತೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ. 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ಉದ್ದವಾದ ಉತ್ತರದಲ್ಲೇ ತಪ್ಪು ಯೋಚನೆ ಹೊರಗೆ ಬರುವುದು.

ಗುಂಪು ಚಟುವಟಿಕೆಯೋ, ಹೇಳಿಕೊಡುವುದೋ ಅನ್ನುವುದು ಮಕ್ಕಳಿಗೆ ಆಗಲೇ ಎಷ್ಟು ಗೊತ್ತು ಅನ್ನುವುದರ ಮೇಲೆ ನಿಂತಿದೆ. ಪೂರ್ತಿ ಹೊಸ ವಿಷಯವಾದರೆ ಮೊದಲು ನೀವೇ ಒಂದೆರಡು ಲೆಕ್ಕ ಬೋರ್ಡ್ ಮೇಲೆ ಬಿಡಿಸಿ, ಪ್ರತಿ ಹೆಜ್ಜೆ ಯಾಕೆ ಅಂತ ಹೇಳಿ. ಹೊಸಬರಿಗೆ ಇದರಿಂದ ತಲೆಯ ಮೇಲಿನ ಭಾರ ಇಳಿಯುತ್ತದೆ ಅಂತ ಸ್ವೆಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞ 1980ರ ದಶಕದಿಂದ ತೋರಿಸುತ್ತಾ ಬಂದಿದ್ದಾರೆ. ಮಕ್ಕಳಿಗೆ ಹಿಡಿತ ಸಿಕ್ಕ ಮೇಲೆ ಬಿಟ್ಟುಕೊಡಿ.

ಪಾಠ ಯೋಜನೆಯಲ್ಲಿ ಯಾವ ಸಿದ್ಧಾಂತ ಅನ್ನುವ ಕಾಲಂ ತುಂಬಲೇಬೇಕು ಅಂದರೆ ಪಾಠ ಮುಗಿದ ಮೇಲೆ ತುಂಬಿ. ನಿಮ್ಮ ಮೊದಲ ಪಾಠ ಯಾವುದು ಅಂತ ಕೆಳಗೆ ಬರೆಯಿರಿ. ಗಣಿತವಾದರೆ ಮಕ್ಕಳು ಎಲ್ಲೆಲ್ಲಿ ತಪ್ಪುತ್ತಾರೆ ಅಂತ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.