ಟರಂಗೀರೆಯ ದೊಡ್ಡಹುಣಸೆ, ಸಿಳ್ಳೆ ಹಾಕುವ ಜಾಲಿ

ಈ ತಿಂಗಳು ಬಂದ ಪತ್ರಗಳಲ್ಲಿ ಆಫ್ರಿಕದ ಹುಲ್ಲುಗಾವಲಿನ ಬಗ್ಗೆಯೇ ನಾಲ್ಕಿವೆ. ಬರೆದವರು ಬೇರೆ ಬೇರೆ ಊರಿನವರು. ಆದರೂ ಉತ್ತರ ಹುಡುಕುತ್ತ ಹೋದರೆ ಹೆಚ್ಚಿನವು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ: ಉತ್ತರ ತಾಂಜಾನಿಯಾದ ಟರಂಗೀರೆ ರಾಷ್ಟ್ರೀಯ ಉದ್ಯಾನ. 1970ರಲ್ಲಿ ಉದ್ಯಾನವಾದ, ಸುಮಾರು 2,850 ಚದರ ಕಿಲೋಮೀಟರ್ ಹರವಿನ ಈ ಕಾಡು ಸೆರೆಂಗೆಟಿಯಷ್ಟು ಹೆಸರು ಮಾಡಿಲ್ಲ. ನನಗೆ ಮಾತ್ರ ಸೆರೆಂಗೆಟಿಗಿಂತ ಇದರ ಮೇಲೆಯೇ ಪ್ರೀತಿ ಹೆಚ್ಚು.

ಪ್ರಶ್ನೆ: ಸವಣೂರಿನ ಮಠದ ದೊಡ್ಡಹುಣಸೆ ಮರಗಳನ್ನು ನೋಡುತ್ತ ಬೆಳೆದವನು ನಾನು. ಈಚೆಗೆ ಟರಂಗೀರೆಯ ಚಿತ್ರವೊಂದರಲ್ಲಿ ಅದೇ ಜಾತಿಯ ಮರದ ಬುಡವನ್ನು ಆನೆಗಳು ತಿವಿದು ಗುಹೆಯಂತೆ ಮಾಡಿದ್ದು ಕಂಡೆ. ಅಂಥ ಮರ ಬದುಕುತ್ತದೆಯೇ? ನಮ್ಮ ಮರಗಳಿಗೆ ಸಾವಿರಾರು ವರ್ಷ ಎನ್ನುತ್ತಾರೆ, ಅದು ನಿಜವೇ?

ಉತ್ತರ: ಬದುಕುತ್ತದೆ, ಗಾಯ ಮಿತಿಯಲ್ಲಿದ್ದರೆ. ನೀವು ದೊಡ್ಡಹುಣಸೆ ಎನ್ನುವುದೇ ಆಫ್ರಿಕದ ಬಾವೊಬಾಬ್. ಅದರ ಕಾಂಡ ತೇಗ, ಹೊನ್ನೆಗಳಂತೆ ಗಟ್ಟಿಯಲ್ಲ. ನೀರು ಕುಡಿದ ನಾರಿನ ದೊಡ್ಡದೊಂದು ಕಟ್ಟು ಎನ್ನಬೇಕು. ಮಳೆಯಿಲ್ಲದ ತಿಂಗಳುಗಳಲ್ಲಿ ಆನೆ ಬುಡಕ್ಕೆ ಬಂದು ದಂತವನ್ನು ತೊಗಟೆಗೆ ಊರುತ್ತದೆ, ತಲೆ ಹೊರಳಿಸಿ ಮೀಟುತ್ತದೆ, ಎದ್ದ ತುದಿಯನ್ನು ಸೊಂಡಿಲಿನಲ್ಲಿ ಹಿಡಿದು ಮೇಲಕ್ಕೆ ಸಿಗಿಯುತ್ತದೆ. ಬಾಳೆದಿಂಡಿನ ಪಟ್ಟೆ ಸುಲಿದಂತೆ ಉದ್ದನೆಯ ಎಳೆ ಬಿಟ್ಟುಕೊಂಡು ಬರುತ್ತದೆ. ಅದನ್ನು ಜಗಿದರೆ ಒಳಗಿನ ತೇವ ಸಿಗುತ್ತದೆ. ಬೇರೆ ಮರವಾದರೆ ಬುಡದ ಸುತ್ತ ತೊಗಟೆ ಹೋದ ಮೇಲೆ ಆಸೆ ಬಿಡಬೇಕು. ಬಾವೊಬಾಬ್ ಸುಲಿದ ಜಾಗದಲ್ಲಿ ಹೊಸ ತೊಗಟೆ ಬೆಳೆಸಿಕೊಳ್ಳುತ್ತದೆ. ಹಳ್ಳಿಗರು ಹಗ್ಗಕ್ಕೆಂದು ಒಂದೇ ಮರದಿಂದ ಮತ್ತೆ ಮತ್ತೆ ನಾರು ಸುಲಿಯುವುದೂ ಇದೇ ಧೈರ್ಯದಿಂದ.

ಆದರೆ ಬರದ ವರ್ಷಗಳಲ್ಲಿ ಆನೆಗಳು ಒಂದೇ ಮರಕ್ಕೆ ಗಂಟುಬಿದ್ದರೆ ಕಾಂಡ ಒಳಗಿನಿಂದ ಟೊಳ್ಳಾಗುತ್ತ ಒಂದು ದಿನ ಕುಸಿಯುತ್ತದೆ. ಬಿದ್ದ ಮರದಿಂದ ಸೌದೆಯೂ ಸಿಗುವುದಿಲ್ಲ, ಕೊಳೆಯುವ ನಾರಿನ ರಾಶಿಯಷ್ಟೇ. ದೊಡ್ಡ ಮರಕ್ಕಿಂತ ನನಗೆ ಸಸಿಗಳದೇ ಹೆಚ್ಚು ಚಿಂತೆ. ಆನೆ ದಟ್ಟವಾಗಿರುವಲ್ಲಿ ಅಜ್ಜ ಮರಗಳು ಕಾಣುತ್ತವೆ, ಮೊಮ್ಮಕ್ಕಳು ಕಾಣುವುದಿಲ್ಲ.

ಇನ್ನು ವಯಸ್ಸು. ಸುತ್ತಳತೆ ನೋಡಿ ಬಾವೊಬಾಬ್‌ನ ವಯಸ್ಸು ಹೇಳಬಾರದು. ಹಲವು ಕಾಂಡಗಳು ಕೂಡಿಕೊಂಡು ಒಂದೇ ಮರದಂತೆ ಕಾಣುವುದುಂಟು, ಉಂಗುರಗಳನ್ನು ನಂಬುವಂತಿಲ್ಲ, ನಡುವೆ ಟೊಳ್ಳು ಬೇರೆ. ರೇಡಿಯೊ ಕಾರ್ಬನ್ ಪರೀಕ್ಷೆಯೊಂದೇ ಭರವಸೆಯ ದಾರಿ. ಆ ಪರೀಕ್ಷೆಯಲ್ಲಿ ಜಿಂಬಾಬ್ವೆಯ ಪಾಂಕೆ ಎಂಬ ಮರಕ್ಕೆ ಸುಮಾರು 2,450 ವರ್ಷ ಎಂದು ಗೊತ್ತಾಯಿತು, ಅದು ಈಗಿಲ್ಲ. ಆಫ್ರಿಕದ ಅತಿ ಹಳೆಯ 13 ಬಾವೊಬಾಬ್‌ಗಳಲ್ಲಿ 9 ಮರಗಳು 2005ರಿಂದ ಈಚೆಗೆ ಪೂರ್ತಿಯಾಗಿಯೋ ಭಾಗಶಃವಾಗಿಯೋ ಕುಸಿದಿವೆ ಎಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದಾಗ ನನಗೆ ಮನೆಯ ಹಿರಿಯರು ಹೋದಷ್ಟೇ ಸಂಕಟವಾಯಿತು. ಭಾರತದ ಮರಗಳ ಮೂಲವೂ ಆಫ್ರಿಕವೇ. ಹಿಂದೂ ಮಹಾಸಾಗರದಲ್ಲಿ ಓಡಾಡಿದ ವ್ಯಾಪಾರಿಗಳು, ಆಫ್ರಿಕದಿಂದ ಬಂದ ಜನರು ಬೀಜ ತಂದರು. ಹಾಗಾಗಿ ಸವಣೂರಿನ ಮರಗಳಿಗೆ ಪರೀಕ್ಷೆಯಿಲ್ಲದೆ ನಾನು ವಯಸ್ಸು ಹೇಳಲಾರೆ. ಹೆಸರು ಮಾತ್ರ ನಿಮ್ಮ ಊರಿನವರು ಚೆನ್ನಾಗಿ ಇಟ್ಟಿದ್ದಾರೆ. ಮಖಮಲ್ಲಿನಂಥ ಕಾಯಿಯನ್ನು ಕಲ್ಲಿಗೆ ಕುಟ್ಟಿ ಒಡೆದರೆ ಒಳಗೆ ಸೀಮೆಸುಣ್ಣದ ಚೂರಿನಂಥ ಬಿಳಿ ತಿರುಳು. ನಾಲಗೆಯ ಮೇಲಿಟ್ಟರೆ ಒಂದು ಕ್ಷಣ ಪುಡಿ, ಮರುಕ್ಷಣ ಹುಳಿ. ಪೂರ್ವ ಆಫ್ರಿಕದ ಬೀದಿಗಳಲ್ಲಿ ಆ ಬೀಜಗಳಿಗೆ ಸಕ್ಕರೆ, ಕೆಂಪು ಬಣ್ಣ ಹಚ್ಚಿ ‘ಮಬುಯು’ ಎಂದು ಮಾರುತ್ತಾರೆ. ಮಕ್ಕಳ ಬಾಯಿ, ಬೆರಳು ಎಲ್ಲ ಕೆಂಪು.

ಪ್ರಶ್ನೆ: ಆಫ್ರಿಕದ ಚಿತ್ರಗಳಲ್ಲಿ ನಮ್ಮ ನೀಲಕಂಠದಂಥದೇ ಹಕ್ಕಿ ಕಾಣುತ್ತದೆ. ಅದೂ ಇದೂ ಒಂದೆಯೇ? (ಧಾರವಾಡದ ಶಾಲಾ ಶಿಕ್ಷಕಿಯೊಬ್ಬರು)

ಉತ್ತರ: ಒಂದೇ ಅಲ್ಲ, ದಾಯಾದಿಗಳು. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವೂ ಅಲ್ಲಿನ ನೇರಳೆ ಎದೆಯ ಹಕ್ಕಿಯೂ ಒಂದೇ ಕುಲಕ್ಕೆ ಸೇರಿದವು. ಬಾಲ ನೋಡಿ ಗುರುತಿಸಲು ಮಕ್ಕಳಿಗೆ ಹೇಳಿಕೊಡಿ: ಆಫ್ರಿಕದ ಹಕ್ಕಿಯ ಬಾಲದ ಎರಡು ಅಂಚಿನ ಗರಿಗಳು ತೆಳ್ಳಗೆ ಉದ್ದವಾಗಿ ಚಾಚಿರುತ್ತವೆ, ನಮ್ಮದರ ಬಾಲ ಮೊಂಡು. ಒಣ ಕೊಂಬೆಯ ತುದಿಯಲ್ಲಿ ಸುಮ್ಮನೆ ಕೂತು, ಮಿಡತೆ ಕಂಡೊಡನೆ ಧುಮುಕಿ, ರೆಕ್ಕೆ ಬಿಚ್ಚಿದಾಗ ನೀಲಿ ಚೆಲ್ಲುವ ಪರಿ ಎರಡರದೂ ಒಂದೇ.

ಪ್ರಶ್ನೆ: ಸಾಗರದ ನಮ್ಮ ಕಡೆ ಅಕೇಶಿಯಾ ಎಂದರೆ ನೆಲ ಕೆಡಿಸುವ ನೆಡುತೋಪು. ಆಫ್ರಿಕದಲ್ಲಿ ಅದೇ ಅಕೇಶಿಯಾವನ್ನು ಜಿರಾಫೆಗಳ ಅನ್ನ ಎಂದು ಹೊಗಳುತ್ತಾರೆ. ಇದು ಹೇಗೆ?

ಉತ್ತರ: ನಿಮ್ಮ ಗೊಂದಲಕ್ಕೆ ಸಸ್ಯವಿಜ್ಞಾನಿಗಳೂ ಕಾರಣ. ಮಲೆನಾಡಿನ ನೆಡುತೋಪಿನ ಅಕೇಶಿಯಾ ಆಸ್ಟ್ರೇಲಿಯಾ ಕಡೆಯದು, ಮುಳ್ಳಿಲ್ಲದ್ದು. ಅದರಲ್ಲಿ ಎಲೆಯಂತೆ ಕಾಣುವುದು ಚಪ್ಪಟೆಯಾದ ತೊಟ್ಟು. ಆಗತಾನೇ ಮೊಳೆತ ಸಸಿಯನ್ನು ಬಗ್ಗಿ ನೋಡಿ; ಮೊದಲ ಒಂದೆರಡು ಎಲೆ ಜಾಲಿಯ ಎಲೆಯಂತೆ, ಹಕ್ಕಿಯ ಗರಿಯ ಹಾಗೆ ಸೀಳಿರುತ್ತವೆ, ಆಮೇಲೆ ಆ ರೂಪ ಮರೆಯಾಗುತ್ತದೆ. ಒಂದೇ ಹೆಸರಿನಡಿ ಇದ್ದ ಈ ಗುಂಪನ್ನು ಒಡೆಯಬೇಕಾದಾಗ ಹೆಸರು ಯಾರಿಗೆ ಎಂಬ ಜಗಳವಾಯಿತು. 2005ರಲ್ಲಿ ವಿಯೆನ್ನಾದಲ್ಲಿ, ಮತ್ತೆ 2011ರಲ್ಲಿ ಮೆಲ್ಬರ್ನ್‌ನಲ್ಲಿ ಸೇರಿದ ಸಸ್ಯವಿಜ್ಞಾನಿಗಳ ಸಮ್ಮೇಳನಗಳು ಅಕೇಶಿಯಾ ಎಂಬ ಹೆಸರನ್ನು ಆಸ್ಟ್ರೇಲಿಯಾದ ಗಿಡಗಳಿಗೇ ಉಳಿಸಿದವು. ಆಫ್ರಿಕದ ಕೊಡೆಯಂಥ ಮುಳ್ಳುಮರಗಳೂ ನಮ್ಮ ಕರಿಜಾಲಿಯೂ ವಚೆಲಿಯಾ ಎಂಬ ಹೊಸ ಕುಲಕ್ಕೆ ಹೋದವು. ಆದ್ದರಿಂದ ಅವುಗಳನ್ನು ಕನ್ನಡದಲ್ಲಿ ಜಾಲಿ ಎಂದು ಕರೆಯುವುದೇ ಸರಿ ಎಂದು ನನ್ನ ಅಭಿಪ್ರಾಯ.

ಆ ಜಾಲಿಗಳಲ್ಲಿ ಒಂದರ ಕಥೆ ಹೇಳಲೇಬೇಕು. ಪೂರ್ವ ಆಫ್ರಿಕದ ಎರೆಮಣ್ಣಿನ ಬಯಲುಗಳಲ್ಲಿ ಸಿಳ್ಳೆ ಜಾಲಿ ಬೆಳೆಯುತ್ತದೆ. ಅದರ ಕೆಲವು ಮುಳ್ಳುಗಳ ಬುಡ ಉಬ್ಬಿ ನಿಂಬೆಗಾತ್ರದ ಕಪ್ಪು ಬುರುಡೆಯಾಗುತ್ತದೆ. ಇರುವೆಗಳು ತೂತು ಕೊರೆದು ಒಳಗೆ ಮನೆ ಮಾಡುತ್ತವೆ. ಗಾಳಿ ಬೀಸಿದಾಗ ಆ ತೂತುಗಳೇ ಸಿಳ್ಳೆ ಹಾಕುತ್ತವೆ. ಮನೆಯ ಜೊತೆಗೆ ಎಲೆಯ ಬುಡದಲ್ಲಿ ಸಿಹಿರಸವನ್ನೂ ಗಿಡ ಕೊಡುತ್ತದೆ. ಪ್ರತಿಯಾಗಿ, ಕೊಂಬೆ ಅಲುಗಿದರೆ ಸಾಕು, ಇರುವೆಗಳು ಮುತ್ತಿ ಕಚ್ಚುತ್ತವೆ. ಆನೆಯ ಸೊಂಡಿಲಿಗೆ ಇರುವೆ ಹೊಕ್ಕ ಮಕ್ಕಳ ಕಥೆ ಇಲ್ಲಿ ದಿನನಿತ್ಯದ ಸತ್ಯ: ಇರುವೆಯಿರುವ ಗಿಡವನ್ನು ಆನೆ ಮುಟ್ಟುವುದಿಲ್ಲ.

ಕೀನ್ಯಾದ ಲೈಕಿಪಿಯಾದಲ್ಲಿ ಹತ್ತು ವರ್ಷ ಬೇಲಿ ಹಾಕಿ ದೊಡ್ಡ ಪ್ರಾಣಿಗಳನ್ನು ಹೊರಗಿಟ್ಟು ನೋಡಿದರು. ಮೇಯುವವರಿಲ್ಲದ ಗಿಡ ಹುಲುಸಾಗಬೇಕಿತ್ತು. ಆದದ್ದೇ ಬೇರೆ. ಶತ್ರುವಿಲ್ಲದ ಗಿಡ ರಸವನ್ನೂ ಬುರುಡೆಗಳನ್ನೂ ಕಡಿಮೆ ಮಾಡಿತು, ಕಾವಲಿನ ಇರುವೆಗಳು ಬಡವಾದವು, ಕಾಂಡ ಕೊರೆಯುವ ದುಂಬಿ ಹೆಚ್ಚಿ ಗಿಡಗಳೇ ಸೊರಗಿದವು. 2008ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಎಷ್ಟು ಸಲ ಓದಿದರೂ ಬೆರಗು ಆರುವುದಿಲ್ಲ.

ಅದೇ ಸೀಮೆಯ ಓಲ್ ಪೆಜೆಟಾ ರಕ್ಷಿತ ಪ್ರದೇಶಕ್ಕೆ ಹೊರಗಿನ ದೊಡ್ಡತಲೆ ಇರುವೆ ನುಗ್ಗಿ ಕಾವಲು ಇರುವೆಗಳನ್ನು ಕೊಂದಿತು. ಆನೆಗಳು ಅಲ್ಲಿನ ಜಾಲಿಗಳನ್ನು 5ರಿಂದ 7 ಪಟ್ಟು ಹೆಚ್ಚು ಮುರಿದವು. ಮರೆ ಹೋದ ಬಯಲಿನಲ್ಲಿ ಸಿಂಹ ಹೊಂಚುಹಾಕುವುದೆಲ್ಲಿ? ಜೀಬ್ರಾ ದೂರದಿಂದಲೇ ಕಂಡು ಓಡತೊಡಗಿತು. 2003ರಲ್ಲಿ ಸಿಂಹಗಳು ಕೊಂದ ಪ್ರಾಣಿಗಳಲ್ಲಿ ಶೇ 67 ಜೀಬ್ರಾಗಳಿದ್ದರೆ 2020ರ ಹೊತ್ತಿಗೆ ಅದು ಶೇ 42ಕ್ಕೆ ಇಳಿಯಿತು. ಸಿಂಹಗಳು ಆಗ ಕಾಡೆಮ್ಮೆಯ ಕಡೆ ತಿರುಗಿದವು. ಕಾಡೆಮ್ಮೆ ಕೋಡು ಬೀಸುವ ಪ್ರಾಣಿ, ಅದನ್ನು ಕೆಡಹುವುದು ಸಿಂಹಕ್ಕೂ ಜೀವದ ಪಣ.

ಪ್ರಶ್ನೆ: ಮಗಳು ದಾರ್-ಎಸ್-ಸಲಾಮ್‌ನಲ್ಲಿ ಕೆಲಸದಲ್ಲಿದ್ದಾಳೆ. ಫೆಬ್ರುವರಿಯಲ್ಲಿ ಟರಂಗೀರೆಗೆ ಕರೆದೊಯ್ಯುತ್ತೇನೆ ಎನ್ನುತ್ತಾಳೆ. ಆಗ ಪ್ರಾಣಿಗಳೇ ಇರುವುದಿಲ್ಲ ಎಂದು ಹೋಗಿಬಂದವರು ಹೆದರಿಸಿದ್ದಾರೆ. ನಿಜವೇ? (ಮೈಸೂರಿನ ನಿವೃತ್ತ ದಂಪತಿ)

ಉತ್ತರ: ಅರ್ಧ ನಿಜ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸುತ್ತಲಿನ ಸೀಮೆಯೆಲ್ಲ ಒಣಗಿ, ಟರಂಗೀರೆ ನದಿಯೊಂದೇ ನೀರಿನ ಆಸರೆ. ಒಂದು ಸೆಪ್ಟೆಂಬರ್ ಬೆಳಿಗ್ಗೆ ನಾನು ನೋಡಿದ್ದು ಹೀಗೆ: ಒಣಗಿದ ಪಾತ್ರದಲ್ಲಿ ಹೆಣ್ಣಾನೆಯೊಂದು ಮುಂಗಾಲಿನಿಂದ ಮರಳು ಒದ್ದು, ಸೊಂಡಿಲಿನಿಂದ ಕೆದರಿ ಒರತೆ ತೋಡಿತು. ಮೊದಲು ಬಂದ ಕೆಸರುನೀರನ್ನು ಹೀರಿ ಆಚೆ ಚೆಲ್ಲಿತು. ತಿಳಿಯಾದ ಮೇಲೆ ಕುಡಿಯಿತು. ಹತ್ತು ಮಾರು ದೂರದಲ್ಲಿ ಜೀಬ್ರಾಗಳು ಸಾಲಾಗಿ ನಿಂತು ಕಾದಿದ್ದವು.

ಮಳೆ ಬಿದ್ದೊಡನೆ ವೈಲ್ಡ್‌ಬೀಸ್ಟ್, ಜೀಬ್ರಾಗಳು ಉದ್ಯಾನ ಬಿಟ್ಟು ಪೂರ್ವದ ಸಿಮಂಜಿರೊ ಬಯಲಿಗೂ ಉತ್ತರಕ್ಕೂ ಹೊರಟುಬಿಡುತ್ತವೆ. ಈಯಲಿರುವ, ಹಾಲೂಡಿಸುವ ತಾಯಿಗೆ ಬೇಕಾದ ರಂಜಕ ಟರಂಗೀರೆಯ ಹುಲ್ಲಿನಲ್ಲಿ ಸಾಲದು, ಸಿಮಂಜಿರೊದ ಗಿಡ್ಡ ಹುಲ್ಲಿನಲ್ಲಿದೆ. ಆ ಬಯಲು ಉದ್ಯಾನದ ಭಾಗವಲ್ಲ, ಮಾಸಾಯಿ ದನಗಾಹಿಗಳ ಊರುಗಳು. ಅಲ್ಲಿ ಉಳುಮೆ ಹಬ್ಬಿದಂತೆ ದಾರಿಗಳು ಮುಚ್ಚುತ್ತಿವೆ. ಟೆರಾಟ್ ಎಂಬ ಹಳ್ಳಿಯ ಜೊತೆ ಪ್ರವಾಸೋದ್ಯಮದವರು ಒಪ್ಪಂದ ಮಾಡಿಕೊಂಡು, ಬಯಲನ್ನು ಉಳದೆ ಮೇವಿಗೆ ಬಿಟ್ಟದ್ದಕ್ಕೆ ವರ್ಷಕ್ಕಿಷ್ಟು ಹಣ ಕೊಡುತ್ತ ಬಂದದ್ದು ನನಗೆ ಬೇಲಿಗಿಂತ ನೂರು ಪಾಲು ಹಿಡಿಸಿದ ಉಪಾಯ. ದನವೂ ಮೇಯುತ್ತದೆ, ಜೀಬ್ರಾವೂ ಮೇಯುತ್ತದೆ.

ಉದ್ಯಾನದ ಗಡಿ ದಾಟುವುದು ಎಷ್ಟು ದೊಡ್ಡ ವಿಷಯ ಎಂಬುದನ್ನು 1993ರ ಬರ ತೋರಿಸಿತು. ಟರಂಗೀರೆಯ ಆನೆಗಳನ್ನು ಆಗಲೇ ಅಧ್ಯಯನ ಮಾಡುತ್ತಿದ್ದ ಚಾರ್ಲ್ಸ್ ಫೋಲಿ ಮತ್ತು ಸಂಗಡಿಗರು ಲೆಕ್ಕವಿಟ್ಟ 81 ಮರಿಗಳಲ್ಲಿ 16 ಒಂಬತ್ತು ತಿಂಗಳಲ್ಲಿ ಸತ್ತವು. ಉದ್ಯಾನ ಬಿಟ್ಟು ಹೊರಗೆ ಹೋದ ಗುಂಪುಗಳು ಕಡಿಮೆ ಮರಿಗಳನ್ನು ಕಳೆದುಕೊಂಡವು. ಅವುಗಳಲ್ಲಿ 1958ರಿಂದ 61ರವರೆಗಿನ ಬರವನ್ನು ಕಂಡಿರಬಹುದಾದ ಮುದಿ ಹೆಣ್ಣಾನೆಗಳಿದ್ದವು; ನೀರು ಎಲ್ಲಿದೆ ಎಂಬುದು ಅವಕ್ಕೆ ನೆನಪಿದ್ದಿರಬೇಕು ಎಂಬುದು ಸಂಶೋಧಕರ ಊಹೆ. ಕದಲದೆ ಉಳಿದ ಗುಂಪಿನ ಹಿರಿಯ ಹೆಣ್ಣಾನೆಗಳಲ್ಲಿ ಹೆಚ್ಚಿನವು ಹಿಂದಿನ ದಶಕಗಳ ದಂತಚೋರರ ಗುಂಡಿಗೆ ಬಲಿಯಾಗಿದ್ದವು. ನಮ್ಮಲ್ಲಿ ಹೆಣ್ಣಾನೆಗೆ ದಂತವಿಲ್ಲ. ಆಫ್ರಿಕದಲ್ಲಿ ಅವಕ್ಕೂ ಇದೆ, ಆದ್ದರಿಂದ ಅಜ್ಜಿಯರೂ ಉಳಿಯಲಿಲ್ಲ.

ನಿಮಗೆ ಆಗಸ್ಟ್, ಸೆಪ್ಟೆಂಬರ್ ಸಾಧ್ಯವಾದರೆ ಆಗಲೇ ಹೋಗಿ. ಫೆಬ್ರುವರಿಯೇ ಆದರೂ ಬೇಸರ ಬೇಡ: ಜಿರಾಫೆ, ಇಂಪಾಲಾ, ಒಂದಷ್ಟು ಆನೆಗಳು ಇದ್ದೇ ಇರುತ್ತವೆ, ಯುರೋಪಿನಿಂದ ಚಳಿಗಾಲಕ್ಕೆ ಬಂದ ಹಕ್ಕಿಗಳೂ ಸೇರಿ ಮರಗಳೆಲ್ಲ ಸದ್ದು ಮಾಡುತ್ತಿರುತ್ತವೆ. ಸಿಲಾಲೆ ಜೌಗಿನ ಅಂಚಿನಲ್ಲಿ ಒಂದು ಗಂಟೆ ವಾಹನ ನಿಲ್ಲಿಸಿ ಸುಮ್ಮನೆ ಕೂರಿ. ಅಲ್ಲಿ ತ್ಸೆತ್ಸೆ ನೊಣದ ಕಾಟ ವಿಪರೀತ, ತೆಳುಬಟ್ಟೆಯ ಮೇಲಿನಿಂದಲೇ ಕಚ್ಚುತ್ತದೆ. ಅದನ್ನು ಹಿಡಿಯುವ ಬಲೆಗಳನ್ನು ನೀಲಿ, ಕಪ್ಪು ಬಟ್ಟೆಯಿಂದ ಮಾಡುತ್ತಾರೆ, ಏಕೆಂದರೆ ಆ ಬಣ್ಣಗಳಿಗೆ ನೊಣ ತಾನಾಗಿ ಬರುತ್ತದೆ. ಮಗಳಿಗೂ ಹೇಳಿ, ಜೀನ್ಸ್ ಮನೆಯಲ್ಲೇ ಇರಲಿ. ಮಣ್ಣಿನ ಬಣ್ಣದ, ತುಸು ದಪ್ಪನೆಯ ತುಂಬುತೋಳಿನ ಬಟ್ಟೆ ತೆಗೆದುಕೊಂಡು ಹೋಗಿ.